ಒಂದು ಮೊಳೆಗೂ ಜಾಗವಿಲ್ಲದ ಗೋಡೆ

ನಮ್ಮ ಕಾಕಾನ ಮನೆಯ ಪಡಸಾಲೆಯ ಗೋಡೆಗೆ ಒಂದು ಮೊಳೆ ಹೊಡೆಯುವುದಕ್ಕಿಂತ ರಾಣೆಬೆನ್ನೂರಿನ ಹೊರಗೆ ಒಂದು ಹೊಸ ಬಡಾವಣೆ ಎಬ್ಬಿಸುವುದು ಸುಲಭ! ಬಡಾವಣೆಗಾದರೆ ಅರ್ಜಿ ಹಾಕಬಹುದು. ತಿರಸ್ಕರಿಸಿದರೆ ಮೇಲ್ಮನವಿ ಸಲ್ಲಿಸಬಹುದು. ಅದೂ ಆಗದಿದ್ದರೆ ಯಾರದಾದರೂ ಕಾಲು ಹಿಡಿಯಬಹುದು. ಕಾಕಾನ ಗೋಡೆಗೆ ಮೇಲಧಿಕಾರಿಯೇ ಇಲ್ಲ. ಅರ್ಜಿ ತೆಗೆದುಕೊಳ್ಳುವವನೂ ಅವನೇ, ತಿರಸ್ಕರಿಸುವವನೂ ಅವನೇ, ಮೇಲ್ಮನವಿ ಕೇಳಿ ಎದ್ದು ಹೋಗುವವನೂ ಅವನೇ.

ಹಾವೇರಿಯಲ್ಲಿ ಕುಳಿತು ಜಿಲ್ಲೆಯ ಸುದ್ದಿ ಬರೆಯುವುದು ನನ್ನ ಹೊಟ್ಟೆಪಾಡು. ಕಂಡದ್ದನ್ನು ಕಂಡೆ ಎಂದು, ಕೇಳಿದ್ದನ್ನು ಕೇಳಿದೆ ಎಂದು ಬೇರೆ ಬೇರೆ ಇಟ್ಟು ಬರೆಯುವ ಅಭ್ಯಾಸ ಕೈಗೆ ಹತ್ತಿದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಈ ಬರಹದಲ್ಲಿ ಉತ್ಪ್ರೇಕ್ಷೆ ಅನ್ನಿಸುವುದೆಲ್ಲ ನಾನು ಕಣ್ಣಾರೆ ಕಂಡದ್ದು. ನಂಬುವಂತೆ ಇರುವಷ್ಟು ಭಾಗ ಮಾತ್ರ ಕೇಳಿದ್ದು.

ಗೋಡೆ ಪಡಸಾಲೆಯ ದಕ್ಷಿಣಕ್ಕಿದೆ. ಕಾಕಾ ಅದಕ್ಕೆ ಸ್ವತಃ ಮೂರು ಸಲ ಬಿಳಿ ಬಣ್ಣ ಬಳಿದಿದ್ದಾನೆ. ನಾಲ್ಕನೆಯ ಸಲ ಕೆನ್ನೆಯನ್ನು ಗೋಡೆಗೆ ಒತ್ತಿ, ಒಂದು ಕಣ್ಣು ಮುಚ್ಚಿ, ಎಲ್ಲಿ ಉಬ್ಬಿದೆ ಎಲ್ಲಿ ತಗ್ಗಿದೆ ಎಂದು ಹುಡುಕಿ ಮರಳುಕಾಗದದಿಂದ ತಿಕ್ಕಿದ್ದಾನೆ. ಅದರ ಮೇಲೆ ಕ್ಯಾಲೆಂಡರ್ ಇಲ್ಲ. ಅದು ಬಚ್ಚಲುಮನೆಯ ಬಾಗಿಲಿಗೆ ಗಡೀಪಾರಾಗಿದೆ. ಹಬ್ಬ ಯಾವಾಗ ಎಂಬುದನ್ನು ಆ ಮನೆಯವರು ಸ್ನಾನಕ್ಕೆ ಹೋದಾಗಲೇ ತಿಳಿಯಬೇಕು. ಗಡಿಯಾರ ಅಕ್ಕಿ ಡಬ್ಬಿಗೆ ಒರಗಿ ಕುಳಿತಿದೆ. ಗೋಡೆಯ ಮೇಲೆ ಇದ್ದ ತನ್ನ ಸ್ವಂತ ಅಪ್ಪನ ಫೋಟೋವನ್ನೂ ಕಾಕಾ ಬಿಡಲಿಲ್ಲ. ಮೊಳೆ ಕಿತ್ತು, ತೂತು ಮುಚ್ಚಿ, ಫೋಟೋವನ್ನು ಹಾವೇರಿಗೆ ತಂದು ನನ್ನ ಅಪ್ಪನಿಗೆ ಒಪ್ಪಿಸಿದ. "ನೀ ಹಿರೇ ಮಗ, ನೀನ ಇಟಗೋ" ಅಂದನಂತೆ. ಪಕ್ಷಪಾತ ಮಾಡುವ ಮನುಷ್ಯನಲ್ಲ!

ಜಗಳ ಇರುವುದು ಇಲ್ಲಿಯೇ. ಕಾಕಾನ ಹೆಂಡತಿ, ಅಂದರೆ ನಮ್ಮ ಚಿಗವ್ವ, ಬ್ಯಾಡಗಿಯವಳು. ಅವಳ ತಾಯಿ ಅಲ್ಲಿನ ಗೋದಾಮುಗಳಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಮೂರು ಹೆಣ್ಣುಮಕ್ಕಳನ್ನು ಬೆಳೆಸಿದ ಹೆಂಗಸು. ಜೀವಮಾನದಲ್ಲಿ ತೆಗೆಸಿಕೊಂಡದ್ದು ಒಂದೇ ಫೋಟೋ, ಅದೂ ಯಾವುದೋ ಕಾರ್ಡಿಗೆ. ಆಕೆ ತೀರಿಕೊಂಡ ಮೇಲೆ ಚಿಗವ್ವ ಆ ಚೋಟುದ್ದದ ಫೋಟೋವನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದಳು. ಹಿರಿಯರ ಫೋಟೋ ದಕ್ಷಿಣದ ಗೋಡೆಗೇ ಹಾಕಬೇಕೆಂಬುದು ನಮ್ಮ ಮನೆತನಗಳ ರೂಢಿ. ಅಲ್ಲಿಂದ ಏಳು ವರ್ಷ ಆ ಫೋಟೋ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿಕೊಂಡು ಟ್ರಂಕಿನಲ್ಲಿ ಮಲಗಿತ್ತು. ಚಿಗವ್ವ ವರ್ಷಕ್ಕೆರಡು ಸಲ, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ, ಅರ್ಜಿ ಹಾಕುತ್ತಿದ್ದಳು.

"ಒಂದ ಮೊಳಿ ಕೇಳಾಕತ್ತೇನ್ರಿ. ಗ್ವಾಡಿ ಕೇಳಿಲ್ಲ ನಾನು."

"ಮೊಳಿ ಬಿದ್ದ ಮ್ಯಾಲೆ ಅದು ಗ್ವಾಡಿ ಆಗತೈತಿ. ಈಗ ಅದು ಸಿನಿಮಾ ಪರದೆ."

ಮೂಲೆಯಲ್ಲಿ, ಮೇಲೆ, ಕಾಣದ ಹಾಗೆ ಹಾಕಬಹುದು ಎಂದು ನಾನು ಒಮ್ಮೆ ರಾಜಿ ಸೂತ್ರ ಮುಂದಿಟ್ಟೆ. ಚಿಗವ್ವ ನನ್ನ ಕಡೆ ತಿರುಗಿದಳು. "ಮೂಲ್ಯಾಗ ಇಡಾಕ ನಮ್ಮವ್ವೇನು ಕಸಬರಿಗೇನೋ?" ರಾಜಿ ಸಂಧಾನ ಅಲ್ಲಿಗೆ ಮುರಿದುಬಿತ್ತು.

ಕಾಕಾನಿಗೂ ತನ್ನದೊಂದು ಸೂತ್ರವಿತ್ತು. ಫೋಟೋ ಯಾಕೆ ಬೇಕು, ಅದನ್ನು ಯಂತ್ರಕ್ಕೆ ಹಾಕಿ ಗೋಡೆ ತುಂಬ ತೋರಿಸುತ್ತೇನೆ, ನಿಮ್ಮವ್ವ ಆನೆಯಷ್ಟು ದೊಡ್ಡದಾಗಿ ಕಾಣುತ್ತಾಳೆ ಎಂದ. ಚಿಗವ್ವ ಒಂದೇ ಪ್ರಶ್ನೆ ಕೇಳಿದಳು:

"ಕರೆಂಟ್ ಹೋದ್ರ ನಮ್ಮವ್ವನೂ ಹೋಗಬೇಕೇನು?"

ಕಾಕಾ ಎದ್ದು ಯಂತ್ರ ಒರೆಸಲು ಹೋದ. ಮೊಳೆ ಬರಲಿಲ್ಲ.

ಇಷ್ಟಕ್ಕೆಲ್ಲ ಕಾರಣವಾದ ಯಂತ್ರ ಒಂದು ಪ್ರೊಜೆಕ್ಟರ್. ಕಾಕಾ ಅದನ್ನು ಕಂಡುಕೊಂಡ ಬಗೆಯೇ ವಿಚಿತ್ರ. ಹಾವೇರಿಯ ಒಂದು ಟಾಕೀಸಿನಲ್ಲಿ ಅವನು ವರ್ಷಗಟ್ಟಲೆ ಆಪರೇಟರ್ ಆಗಿದ್ದ. ರೀಲು ಏರಿಸುವುದು, ಹರಿದರೆ ಅಂಟಿಸುವುದು, ಮಂದಿ ಸಿಳ್ಳೆ ಹೊಡೆದರೆ ಕಿಂಡಿಯಲ್ಲಿ ಮುಖ ಹಾಕಿ ಬೈಯುವುದು ಅವನ ಕೆಲಸ. ಒಂದು ದಿನ ರೀಲು ಹೋಗಿ ಡಿಜಿಟಲ್ ಪೆಟ್ಟಿಗೆ ಬಂತು. ಪೆಟ್ಟಿಗೆಗೆ ಸೀಲು ಹಾಕಿತ್ತು. ಮುಟ್ಟಬಾರದು, ತೆರೆಯಬಾರದು. ಹೊತ್ತಿಗೆ ಸರಿಯಾಗಿ ಅದೇ ಆಟ ಶುರು ಮಾಡುತ್ತದೆ, ಅದೇ ನಿಲ್ಲಿಸುತ್ತದೆ. ಮುಂದಿನ ತಿಂಗಳಿಂದ ಬರುವುದು ಬೇಡ ಎಂದು ಮಾಲೀಕರು ಕಾಕಾನಿಗೆ ಮೆತ್ತಗೆ ಹೇಳಿದರು. ಕಾಕಾ ಅವರೊಂದಿಗೆ ಜಗಳವಾಡಲಿಲ್ಲ. ಪೆಟ್ಟಿಗೆ ಕೂಡಿಸಲು ಬಂದಿದ್ದ ಎಂಜಿನಿಯರನ ಬೆನ್ನು ಹತ್ತಿದ. ಇದರೊಳಗೆ ಏನಿದೆ ಹೇಳದೆ ನಿನ್ನನ್ನು ಊರು ಬಿಡಲು ಬಿಡುವುದಿಲ್ಲ ಎಂದ. ಎಂಜಿನಿಯರ್ ಮಿರ್ಚಿ ಭಜ್ಜಿ ತಿನ್ನುತ್ತ, ಆ ಎಣ್ಣೆ ಕಾಗದದ ಮೇಲೆಯೇ ಗೆರೆ ಎಳೆದು ತೋರಿಸಿದ: ಒಳಗಿರುವುದು ಕನ್ನಡಿಗಳು. ಸಣ್ಣ ಸಣ್ಣ, ಲಕ್ಷಗಟ್ಟಲೆ ಕನ್ನಡಿಗಳು.

ತನ್ನ ಕೆಲಸ ಕಸಿದ ಯಂತ್ರಕ್ಕೆ ಮನುಷ್ಯ ಶಾಪ ಹಾಕುವುದು ಲೋಕದ ನಿಯಮ. ಕಾಕಾ ಲೋಕದ ನಿಯಮಕ್ಕೆ ಯಾವಾಗ ತಲೆ ಬಾಗಿಸಿದ್ದಾನೆ? ರಾಣೆಬೆನ್ನೂರಿನಲ್ಲಿ ಬಾಗಿಲು ಮುಚ್ಚಿದ ಒಂದು ಟ್ಯೂಷನ್ ಕ್ಲಾಸಿನವರು ಬಿಟ್ಟುಹೋದ ಸಣ್ಣ ಪ್ರೊಜೆಕ್ಟರನ್ನು ಹುಡುಕಿ, ಆ ಟಾಕೀಸಿನ ಯಂತ್ರದ ಬಡ ತಮ್ಮನನ್ನು, ಮನೆಗೆ ಕರೆತಂದ. ಅದರ ಮೇಲೂ 'ತೆರೆಯಬಾರದು' ಎಂಬ ಚೀಟಿ ಇತ್ತು. ಬಂದ ದಿನವೇ ಸ್ಕ್ರೂಡ್ರೈವರ್ ಹಿಡಿದು ತೆರೆದ. "ನನ್ನ ಹೊರಗ ಹಾಕಿದ್ದು ಯಾವುದು ಅಂತ ಮಾರಿ ನೋಡಬೇಕಲ್ಲ" ಅಂದ.

ಈಗ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಲೇಬೇಕು. ತಪ್ಪಿಸಿಕೊಳ್ಳುವಂತಿಲ್ಲ. ಆ ಮನೆಗೆ ಹೋದ ಯಾರೂ ತಪ್ಪಿಸಿಕೊಂಡಿಲ್ಲ. ಯಂತ್ರದೊಳಗೆ ಹೆಬ್ಬೆರಳ ಉಗುರಿನಷ್ಟು ಒಂದು ಚಿಪ್ ಇದೆ. ಅದರ ಮೇಲೆ ಸಾಲುಸಾಲಾಗಿ ಅಲ್ಯೂಮಿನಿಯಂ ಕನ್ನಡಿಗಳು, ಒಂದು ತಲೆಗೂದಲಿನ ದಪ್ಪದಲ್ಲಿ ನಾಲ್ಕಾರು ಹಿಡಿಯುವಷ್ಟು ಸಣ್ಣವು. ಪರದೆಯ ಮೇಲಿನ ಒಂದೊಂದು ಚುಕ್ಕೆಗೂ ಒಂದೊಂದು ಕನ್ನಡಿ. ಕಾಕಾನ ಯಂತ್ರದಲ್ಲಿ ಅಡ್ಡಕ್ಕೆ ಸಾವಿರದ ಇಪ್ಪತ್ನಾಲ್ಕು, ಉದ್ದಕ್ಕೆ ಏಳು ನೂರಾ ಅರವತ್ತೆಂಟು. ಒಟ್ಟು ಏಳು ಲಕ್ಷ ಎಂಬತ್ತಾರು ಸಾವಿರದ ನಾಲ್ಕು ನೂರಾ ಮೂವತ್ತೆರಡು. ಈ ಸಂಖ್ಯೆಯನ್ನು ಕಾಕಾ ಮಂತ್ರದ ಹಾಗೆ, ನಡುವೆ ಉಸಿರು ತೆಗೆದುಕೊಳ್ಳದೆ ಹೇಳುತ್ತಾನೆ. ನಾನು ಗುಣಿಸಿ ನೋಡಿದ್ದೇನೆ. ಸರಿಯಾಗಿದೆ.

ಪ್ರತಿ ಕನ್ನಡಿಗೂ ಕೆಳಗೊಂದು ಕೀಲು. ಕೀಲಿನ ಕೆಳಗೆ ಹುಕುಂ ಹಿಡಿದಿಡುವ ಒಂದು ಸಣ್ಣ ಕೋಣೆ. ಹುಕುಂ ಬಂದ ಹಾಗೆ ವಿದ್ಯುತ್ತಿನ ಸೆಳೆತಕ್ಕೆ ಕನ್ನಡಿ ಈ ಕಡೆಗೆ ಹನ್ನೆರಡು ಡಿಗ್ರಿ ವಾಲುತ್ತದೆ, ಇಲ್ಲವೇ ಆ ಕಡೆಗೆ ಹನ್ನೆರಡು ಡಿಗ್ರಿ. ನಡುವೆ ನಿಲ್ಲುವ ಮಾತಿಲ್ಲ. ಈ ಕಡೆ ವಾಲಿದರೆ ದೀಪದ ಬೆಳಕು ಮಸೂರದ ಮೂಲಕ ಗೋಡೆಗೆ ಹೋಗುತ್ತದೆ, ಅಲ್ಲಿ ಬಿಳಿ ಚುಕ್ಕೆ. ಆ ಕಡೆ ವಾಲಿದರೆ ಬೆಳಕು ಒಳಗಿನ ಒಂದು ಕಪ್ಪು ಲೋಹದ ತುಂಡಿಗೆ ಬಿದ್ದು ಸಾಯುತ್ತದೆ, ಗೋಡೆಯ ಮೇಲೆ ಕಪ್ಪು. ಹಾಗಾದರೆ ಬೂದು ಬಣ್ಣ? ಇದು ಕಾಕಾನ ಮೆಚ್ಚಿನ ಪ್ರಶ್ನೆ. ಕನ್ನಡಿ ಸೆಕೆಂಡಿಗೆ ಸಾವಿರಾರು ಸಲ ಅತ್ತ ಇತ್ತ ಹೊರಳುತ್ತದೆ. ಈ ಕಡೆ ಎಷ್ಟು ಹೊತ್ತು ಇತ್ತು, ಆ ಕಡೆ ಎಷ್ಟು ಹೊತ್ತು ಇತ್ತು ಎಂಬುದನ್ನು ನಮ್ಮ ಕಣ್ಣು ಕೂಡಿಸಿ ಬೂದು ಎಂದು ತೀರ್ಮಾನಿಸುತ್ತದೆ. "ಹೊಸಾ ಸೊಸಿ ಇದ್ದಂಗ" ಎಂದು ಕಾಕಾ ವಿವರಿಸುತ್ತಾನೆ. "ಅರ್ಧ ದಿನ ತವರಮನಿ, ಅರ್ಧ ದಿನ ಗಂಡನ ಮನಿ. ಊರ ಮಂದಿಗೆ ಕಾಣೂದು ಬೂದು."

ಬೂದು ಅರ್ಥವಾಗುವವರೆಗೆ ಆ ಮನೆಯಲ್ಲಿ ಚಹಾ ಬರುವುದಿಲ್ಲ. ಗ್ಯಾಸ್ ಸಿಲಿಂಡರ್ ತಂದವನಿಗೆ ಎರಡೇ ನಿಮಿಷದಲ್ಲಿ ಅರ್ಥವಾಯಿತು. ನಮ್ಮ ಪತ್ರಿಕೆಯ ಸಂಪಾದಕರನ್ನು ನಾನೊಮ್ಮೆ ಕರೆದೊಯ್ದಿದ್ದೆ. ಅವರು ಚಹಾ ಕುಡಿಯದೆ ವಾಪಸಾದರು.

ಇನ್ನು ಬಣ್ಣ. ಟಾಕೀಸಿನ ದೊಡ್ಡ ಯಂತ್ರದಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಚಿಪ್ಪುಗಳಿರುತ್ತವೆ. ಕಾಕಾನ ಬಡ ತಮ್ಮನಿಗೆ ಇರುವುದು ಒಂದೇ. ಆದ್ದರಿಂದ ದೀಪದ ಮುಂದೆ ಬಣ್ಣದ ಗಾಜಿನ ಒಂದು ಚಕ್ರ ಗಿರಗಿರನೆ ತಿರುಗುತ್ತದೆ. ಗೋಡೆಯ ಮೇಲೆ ಬೀಳುವುದು ಒಮ್ಮೆ ಕೆಂಪು ಚಿತ್ರ, ಒಮ್ಮೆ ಹಸಿರು ಚಿತ್ರ, ಒಮ್ಮೆ ನೀಲಿ ಚಿತ್ರ. ಅವು ಎಷ್ಟು ಬೇಗ ಬರುತ್ತವೆಂದರೆ ಕಣ್ಣು ಮೂರನ್ನೂ ಒಂದೇ ಎಂದು ನಂಬುತ್ತದೆ. ನಂಬದವರಿಗೆ ಕಾಕಾ ಒಂದು ಪರೀಕ್ಷೆ ಇಟ್ಟಿದ್ದ. ಚಿತ್ರ ನೋಡುತ್ತ ತಲೆಯನ್ನು ಜೋರಾಗಿ ಅತ್ತ ಇತ್ತ ಅಲ್ಲಾಡಿಸಬೇಕು. ಆಗ ಬಿಳಿ ಅಂಚಿನಲ್ಲಿ ಬಣ್ಣಗಳು ಒಡೆದು ಕಾಣುತ್ತವೆ.

ಈ ಪರೀಕ್ಷೆ ನನ್ನ ತಂಗಿಯ ಮದುವೆಯನ್ನು ಮುರಿಯುವ ಹಂತಕ್ಕೆ ತಂದಿತ್ತು. ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ವರನ ಕಡೆಯವರು ಹತ್ತಿರವಾಗುತ್ತದೆಂದು ಕಾಕಾನ ಮನೆಗೇ ಹೆಣ್ಣು ನೋಡಲು ಬಂದರು. ಅಪ್ಪನಿಗೂ ನನಗೂ ಆ ದಿನ ಹಾವೇರಿ ಬಿಡಲಾಗಲಿಲ್ಲ, ಆದ್ದರಿಂದ ಉತ್ಪ್ರೇಕ್ಷೆಯಲ್ಲಿ ಇದೊಂದು ಮಾತ್ರ ಕೇಳಿದ್ದು. ಅವಲಕ್ಕಿ ಆಯಿತು, ಉಂಡಿ ಆಯಿತು. ಸಂಬಂಧ ಕುದುರಿಸಿದ್ದ ಹಿರಿಯರೊಬ್ಬರು ಮಾತ್ರ ಬಸ್ಸು ತಪ್ಪಿ ತಡವಾಗಿದ್ದರು. ಅಷ್ಟರಲ್ಲಿ ಕಾಕಾ ಸುಮ್ಮನಿರಲಾರದೆ ಯಂತ್ರ ಹಚ್ಚಿದ. ವರನ ತಂದೆ ಕುತೂಹಲದ ಮನುಷ್ಯ. ಬಣ್ಣ ಮೂರು ಬೇರೆ ಬೇರೆ ಬರುತ್ತವೆಯೇ ಎಂದು ಕೇಳಿಬಿಟ್ಟರು. ಕಾಕಾ ತಲೆ ಅಲ್ಲಾಡಿಸಲು ಹೇಳಿದ. ಅವರು ಅಲ್ಲಾಡಿಸಿದರು. ಕಾಣಲಿಲ್ಲ. ಇನ್ನೂ ಜೋರಾಗಿ ಎಂದ. ಅವರು ಕಣ್ಣು ಅಗಲಿಸಿ, ಹಲ್ಲು ಕಚ್ಚಿ, ಪೇಟ ಜಾರುವಷ್ಟು ಜೋರಾಗಿ ಎಡಕ್ಕೆ ಬಲಕ್ಕೆ ತಲೆ ಅಲ್ಲಾಡಿಸುತ್ತಿದ್ದಾಗ ಆ ಹಿರಿಯರು ಬಾಗಿಲಿಗೆ ಬಂದರು. ಬೀಗರಾಗಬೇಕಾದವರು 'ಬೇಡ, ಬೇಡ, ಬೇಡವೇ ಬೇಡ' ಎಂದು ತಲೆ ಕೊಡವುತ್ತಿದ್ದಾರೆ, ಎದುರಿಗೆ ಕಾಕಾ ಕೈ ಮುಂದೆ ಚಾಚಿ ನಿಂತಿದ್ದಾನೆ. ಹಿರಿಯರು ಚಪ್ಪಲಿಯನ್ನೂ ಬಿಡಲಿಲ್ಲ. ಹಾಗೆಯೇ ತಿರುಗಿ ಬಸ್‌ಸ್ಟ್ಯಾಂಡಿಗೆ ಹೋಗಿ, ನನ್ನ ಅಪ್ಪನಿಗೆ ಫೋನ್ ಮಾಡಿ, ಋಣಾನುಬಂಧ ಇಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಸಮಾಧಾನ ಹೇಳಿದರು. ಅಪ್ಪ ಹಾವೇರಿಯಲ್ಲಿ ಹಾಸಿಗೆ ಹಿಡಿದ. ಇತ್ತ ರಾಣೆಬೆನ್ನೂರಿನಲ್ಲಿ ಬಣ್ಣ ಕಂಡ ಸಂತೋಷದಲ್ಲಿ ವರನ ತಂದೆ ಸಂಬಂಧಕ್ಕೆ ಒಪ್ಪಿ ಎಲೆಅಡಿಕೆ ತೆಗೆದುಕೊಂಡಿದ್ದರು! ಎರಡೂ ಸುದ್ದಿ ಒಂದೇ ತಾಸಿನಲ್ಲಿ ನನಗೆ ಬಂದವು. ಯಾವುದು ಖರೆ ಎಂದು ಖಚಿತಪಡಿಸಿಕೊಳ್ಳಲು ನಾಲ್ಕು ಫೋನ್ ಮಾಡಬೇಕಾಯಿತು. ಇದರಿಂದ ಕಾಕಾ ಕಲಿತದ್ದೇನು? ಪರೀಕ್ಷೆ ನಡೆಯುವಾಗ ಬಾಗಿಲು ಹಾಕಿರಬೇಕು ಎಂಬುದನ್ನು.

ಎರಡು ವರ್ಷದ ಹಿಂದೆ ಬ್ಯಾಡಗಿಯ ಪ್ರಕರಣ ನಡೆಯಿತು. ಚಿಗವ್ವನ ದೂರದ ಸಂಬಂಧಿಯೊಬ್ಬರದು ಅಲ್ಲಿ ಮೆಣಸಿನಕಾಯಿ ವ್ಯಾಪಾರ. ಗೋದಾಮಿನ ಪೂಜೆಯ ದಿನ ತೊಟ್ಟು ಬಿಡಿಸುವ ಹೆಂಗಸರಿಗೆ ಒಂದು ಸಿನಿಮಾ ತೋರಿಸಬೇಕೆಂದು ಅವರು ಕಾಕಾನನ್ನು ಕರೆದರು. ಎಲ್ಲರೂ ಎಲ್‌ಇಡಿ ಪರದೆ ಬಾಡಿಗೆಗೆ ತರುವಾಗ ತನ್ನನ್ನೇ ಕರೆದರಲ್ಲ ಎಂದು ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ನಾನೂ ಜೊತೆಗಿದ್ದೆ. ಬಿಳಿ ಧೋತರ ಕಟ್ಟಿ ಪರದೆ ಮಾಡಿದರು. ಯಂತ್ರ ಇಡಲು ಎತ್ತರದ ಮೇಜು ಸಿಗಲಿಲ್ಲ. ಮೆಣಸಿನಕಾಯಿ ಯಾರ್ಡಿನ ಊರಿನಲ್ಲಿ ಎತ್ತರಕ್ಕೆ ಏನು ಬರ? ಮೂರು ಚೀಲ ಒಟ್ಟಿ ಅದರ ಮೇಲೆ ಯಂತ್ರ ಇಟ್ಟ.

ಪ್ರೊಜೆಕ್ಟರಿನ ದೀಪ ಕಾದ ಹೆಂಚಿನ ಹಾಗೆ ಬಿಸಿಯಾಗುತ್ತದೆ. ಅದನ್ನು ತಣ್ಣಗಿಡಲು ಫ್ಯಾನು ಒಂದು ಕಡೆಯಿಂದ ಗಾಳಿ ಎಳೆದು ಇನ್ನೊಂದು ಕಡೆಯಿಂದ ಬಿಡುತ್ತದೆ. ಎಳೆಯುವ ಬಾಯಿ ಚೀಲಗಳ ಕಡೆಗಿತ್ತು. ಬಿಡುವ ಬಾಯಿ ಹೆಂಗಸರ ಕಡೆಗಿತ್ತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಸುಡುವ ದೀಪದ ಮೇಲೆ ಬಿದ್ದ ಪುಡಿಗೆ ಈ ಖ್ಯಾತಿ ತಿಳಿದಿರಲಿಲ್ಲ. ನಾಯಕ ನಾಯಕಿಯ ಕೈ ಹಿಡಿಯುವ ಹೊತ್ತಿಗೆ ಮುಂದಿನ ಸಾಲು ಕೆಮ್ಮಿತು. ಹಾಡು ಶುರುವಾದಾಗ ಗೋದಾಮಿಗೆ ಗೋದಾಮೇ ಸೀನುತ್ತಿತ್ತು. ದಿನವಿಡೀ ಮೆಣಸಿನಕಾಯಿಯ ನಡುವೆ ಕೂತು ಕಣ್ಣು ಪಿಳುಕಿಸದ ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿ ಹೊರಗೋಡಿದರು. ದುಃಖದ ದೃಶ್ಯ ಇನ್ನೂ ಬಂದೇ ಇರಲಿಲ್ಲ, ಅಷ್ಟರಲ್ಲೇ ಎಲ್ಲರ ಕಣ್ಣಲ್ಲಿ ನೀರು!

ಕಾಕಾ ಒಬ್ಬನೇ ಜಾಗ ಬಿಡಲಿಲ್ಲ. ಕಣ್ಣು ಕೆಂಡವಾಗಿದ್ದರೂ ಯಂತ್ರದ ಪಕ್ಕ ನಿಂತು, ಯಾರೂ ಹೆದರಬೇಡಿ, ಚಿಪ್ಪಿಗೆ ಏನೂ ಆಗಿಲ್ಲ, ಕನ್ನಡಿಗಳ ಮೇಲೆ ಗಾಜಿನ ಮುಚ್ಚಳ ಇದೆ ಎಂದು ಸಾರಿದ. ಬಾಗಿಲ ಹೊರಗಿಂದ ಒಬ್ಬ ಮುದುಕಿ ಹೇಳಿದಳು:

"ನಮ್ಮ ಕಣ್ಣಿನ ಮ್ಯಾಲೆ ಗಾಜಿಲ್ಲಪ್ಪ."

ಮುಂದಿನ ವರ್ಷ ಅವರು ಎಲ್‌ಇಡಿ ಪರದೆ ತರಿಸಿದರು. ಕಾಕಾ ತಪ್ಪು ಒಪ್ಪಿಕೊಳ್ಳಲಿಲ್ಲ. ಯಂತ್ರ ಗಾಳಿ ಕೇಳಿತು, ಗಾಳಿಯಲ್ಲಿ ಮೆಣಸಿನಕಾಯಿ ಇದ್ದರೆ ಅದು ಊರಿನ ತಪ್ಪು ಎಂಬುದೇ ಇಂದಿಗೂ ಅವನ ನಿಲುವು.

ಆ ಬಿಸಿಯಿಂದಲೋ ವಯಸ್ಸಿನಿಂದಲೋ, ಕೆಲವು ತಿಂಗಳ ಮೇಲೆ ಗೋಡೆಯ ಮೇಲೆ ಒಂದು ಬಿಳಿ ಚುಕ್ಕೆ ಕಾಣಿಸಿತು. ಚಿತ್ರ ಯಾವುದೇ ಇರಲಿ, ಕತ್ತಲಿರಲಿ ಬೆಳಕಿರಲಿ, ಆ ಚುಕ್ಕೆ ಅಲ್ಲೇ. ಒಂದು ಕನ್ನಡಿ ಈ ಕಡೆಗೆ ವಾಲಿದ್ದು ಮತ್ತೆ ಹೊರಳಲಿಲ್ಲ ಎಂದರ್ಥ. ಕೀಲು ಹಿಡಿದುಕೊಂಡಿತ್ತು. ಒಂದು ವಾರದಲ್ಲಿ ಅವು ಮೂರಾದವು. ಮತ್ತೆ ಒಂಬತ್ತು. ಇನ್ನು ಇದನ್ನು ಬಿಸಾಡಿ ಒಂದು ಟಿವಿ ತಂದುಬಿಡು, ಅದಕ್ಕೊಂದು ಮೇಜು ಸಾಕು, ಗೋಡೆಯ ತಂಟೆಯೂ ಮುಗಿಯುತ್ತದೆ, ನಿನ್ನ ಅತ್ತೆಯ ಫೋಟೋವೂ ಗೋಡೆ ಹತ್ತುತ್ತದೆ ಎಂದು ಬಂಧುಬಳಗವೆಲ್ಲ ಒಕ್ಕೊರಲಿನಿಂದ ಹೇಳಿತು. ಅಗಡಿಯಿಂದ ಬಂದಿದ್ದ ನಮ್ಮ ದೊಡ್ಡತ್ತೆಯಂತೂ ಟ್ರಂಕಿನಿಂದ ಫೋಟೋ ತೆಗೆದು ಸೀರೆಯಿಂದ ಬಿಡಿಸಿಯೇ ಬಿಟ್ಟಳು. ಕಾಕಾ ಗೋಡೆಗೆ ಬೆನ್ನು ಕೊಟ್ಟು ನಿಂತ.

"ನಿಂತಿದ್ದು ಒಂಬತ್ತು ಕನ್ನಡಿ. ಉಳಿದದ್ದು ಎಲ್ಲಾ ದುಡ್ಯಾಕತ್ತಾವು. ಒಂಬತ್ತು ಮಂದಿ ಹಮಾಲರು ರಜಾ ಹಾಕಿದ್ರ ಬ್ಯಾಡಗಿ ಮಾರ್ಕೆಟ್ ಬಂದ್ ಮಾಡ್ತೀರೇನು?"

ದೊಡ್ಡತ್ತೆ ಫೋಟೋವನ್ನು ಮತ್ತೆ ಸೀರೆಯಲ್ಲಿ ಸುತ್ತಿದಳು. ಚಿಗವ್ವ ಅದನ್ನು ತಾನೇ ಕೈಗೆ ತೆಗೆದುಕೊಂಡು, ಬಿಗಿಯಾಗಿ ಸುತ್ತಿ ಟ್ರಂಕಿಗೆ ಇಟ್ಟಳು.

ಆದರೆ ಕನ್ನಡಿಗಳು ಕಾಕಾನ ಹಟಕ್ಕೆ ಜೊತೆ ಕೊಡಲಿಲ್ಲ. ಒಂಬತ್ತು ಐವತ್ತಾಯಿತು, ಐವತ್ತು ಎಣಿಸಲಾಗದಷ್ಟಾಯಿತು. ಗೋಡೆಯ ತುಂಬ ಬಿಳಿ ಎಳ್ಳು ಚೆಲ್ಲಿದ ಹಾಗೆ. ಕಡೆಗೆ ಒಂದು ಸಂಜೆ ಎಳ್ಳು ಮಾತ್ರ ಉಳಿದು ಚಿತ್ರ ಹೋಯಿತು. ಕಾಕಾ ಯಂತ್ರವನ್ನು ಬಿಚ್ಚಿದ, ಒರೆಸಿದ, ಮತ್ತೆ ಜೋಡಿಸಿದ. ಮತ್ತೆ ಬಿಚ್ಚಿದ. ಹುಬ್ಬಳ್ಳಿಗೆ ಎರಡು ಸಲ ಹೋಗಿ ಬಂದ. ಚಿಪ್ ಹೋಗಿದೆ, ಈ ಮಾದರಿ ಈಗ ಬರುವುದಿಲ್ಲ, ಹೊಸದು ಕೊಳ್ಳಿ ಎಂದು ಅಲ್ಲಿ ಎರಡು ಸಲವೂ ಹೇಳಿದರಂತೆ. ಅನಂತರ ಅವನು ಮಾತು ಕಡಿಮೆ ಮಾಡಿದ. ಸಂಜೆ ಆರಕ್ಕೆ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಬರಿ ಗೋಡೆಯನ್ನು ನೋಡುತ್ತ ಕೂರುತ್ತಿದ್ದ. ಎದುರುಮನೆಯವರು ಬಂದು ಬೂದು ಬಣ್ಣದ ಬಗ್ಗೆ ತಾವಾಗಿಯೇ ಕೇಳಿದರೂ ಚಹಾ ಕೊಡಿಸಿ ಕಳಿಸಿದ. ಇದು ಗಂಭೀರ ಪರಿಸ್ಥಿತಿ!

ಗೋಡೆ ಈಗ ಖಾಲಿ. ಯಂತ್ರ ಸತ್ತಿದೆ. ಚಿಗವ್ವ ಏಳು ವರ್ಷದ ಮೊಕದ್ದಮೆ ಗೆದ್ದಿದ್ದಾಳೆ ಎಂದು ನಾವೆಲ್ಲ ತಿಳಿದೆವು. ಮೊಳೆ ಹೊಡೆಯುವುದಷ್ಟೇ ಬಾಕಿ. ಹದಿನೈದು ದಿನ ಕಳೆದರೂ ಮೊಳೆಯ ಸುದ್ದಿ ಬರಲಿಲ್ಲ. ಬಂದದ್ದು ಚಿಗವ್ವನ ಫೋನು. ನಾಳೆ ಹುಬ್ಬಳ್ಳಿಗೆ ಹೋಗುವುದಿದೆ, ಹಾವೇರಿಯಲ್ಲಿ ಬಸ್ಸು ಹತ್ತು, ನಿಮ್ಮ ಕಾಕಾನಿಗೆ ನಾನು ಬ್ಯಾಡಗಿಗೆ ಹೊಂಟೇನೆಂದು ಹೇಳಿದ್ದೇನೆ ಎಂದಳು. ಸುಳ್ಳು ಹೇಳುವ ಹೆಂಗಸಲ್ಲ ಅವಳು. ನಾನು ರಜೆ ಹಾಕಿದೆ.

ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ಕಾಕಾ ಏಳುವ ಮೊದಲೇ ರೊಟ್ಟಿ ಕಟ್ಟುವ ಬಟ್ಟೆಯಲ್ಲಿ ಸುತ್ತಿ ತಂದ ಪ್ರೊಜೆಕ್ಟರ್ ಇತ್ತು. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಆದರೆ ಗಂಟು ಅನುಮಾನಕ್ಕೆ ಎಡೆ ಕೊಡುವಂತಿತ್ತು. ಗಂಟಿನಲ್ಲೇನಿದೆ ಎಂದು ಕಂಡಕ್ಟರ್ ಕೇಳಿದ.

"ನನ್ನ ಸವತಿ" ಅಂದಳು ಚಿಗವ್ವ.

ಕಂಡಕ್ಟರ್ ಗಂಟನ್ನೂ ಅವಳನ್ನೂ ಒಂದು ಕ್ಷಣ ನೋಡಿ, "ಹಂಗಾರ ಆಕಿಗೂ ಫ್ರೀ ಐತಿ ಬಿಡ್ರಿ. ಆಧಾರ್ ಕಾರ್ಡ್ ತೋರಸಾಕ ಹೇಳ್ರಿ" ಅಂದ.

ಹುಬ್ಬಳ್ಳಿಯ ಅಂಗಡಿಯಲ್ಲಿ ಕೌಂಟರಿನ ಯುವಕ ಯಂತ್ರ ನೋಡಿದ್ದೇ ಗುರುತು ಹಿಡಿದ. ಇದು ಮೂ‍ರನೆಯ ಸಲ ಬರುತ್ತಿದೆ, ಮೊದಲೇ ಹೇಳಿದ್ದೇನಲ್ಲ, ಹೊಸದು ತಗೊಳ್ಳಿ ಎಂದು ವಿನಯದಿಂದಲೇ ಹೇಳಿದ. ಚಿಗವ್ವ ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಕುಳಿತಳು. ತಾನು ಕಡೆಯ ಬಸ್ಸಿನವರೆಗೂ ಕೂರಬಲ್ಲೆ, ರೊಟ್ಟಿ ತಂದಿದ್ದೇನೆ ಎಂದಳು. ಅವನು ನಕ್ಕು, ಕೆಟ್ಟ ವಸ್ತುವಿಗೆ ಯಾಕೆ ಇಷ್ಟು ತ್ರಾಸು ಅಂದ. ಆಗ ಅವಳು ಕೇಳಿದಳು:

"ನಿಮ್ಮಪ್ಪಗ ಕಣ್ಣಾಗ ಪೊರೆ ಬಂದ್ರ ಏನ್ ಮಾಡ್ತಿ ತಮ್ಮಾ? ಪೊರೆ ತೆಗಿಸ್ತೀಯೋ, ಹೊಸಾ ಅಪ್ಪನ್ನ ತರ್ತೀಯೋ?"

ಅವನ ನಗು ನಿಂತಿತು. ಚಿಗವ್ವ ನಿಲ್ಲಿಸಲಿಲ್ಲ. ಒಳಗೆ ಎಷ್ಟು ಕನ್ನಡಿ ಇವೆ ಗೊತ್ತೇನು ಎಂದು ಕೇಳಿ, ಅವನು ತಡವರಿಸುವಷ್ಟರಲ್ಲಿ ತಾನೇ ಹೇಳಿದಳು: ಏಳು ಲಕ್ಷ ಎಂಬತ್ತಾರು ಸಾವಿರದ ನಾಲ್ಕು ನೂರಾ ಮೂವತ್ತೆರಡು. ನಡುವೆ ಉಸಿರು ತೆಗೆದುಕೊಳ್ಳಲಿಲ್ಲ. ಕೀಲು ಹೇಗೆ ಹಿಡಿದುಕೊಳ್ಳುತ್ತದೆ, ಹಿಡಿದುಕೊಂಡರೆ ಯಾಕೆ ಬಿಳಿ ಕಾಣುತ್ತದೆ, ಚಿಪ್ಪಿನ ಬೆನ್ನಿಗೆ ಬಿಸಿ ಹೀರುವ ಲೇಪ ಒಣಗಿದರೆ ಏನಾಗುತ್ತದೆ, ಎಲ್ಲವನ್ನೂ ಪಾಠ ಒಪ್ಪಿಸಿದ ಹಾಗೆ ಹೇಳಿದಳು. ನಾನು ಬಾಯಿ ತೆರೆದು ನೋಡುತ್ತ ನಿಂತೆ. ಏಳು ವರ್ಷ ಕಾಕಾ ಪಡಸಾಲೆಯಲ್ಲಿ ಊರಿಗೆಲ್ಲ ಪಾಠ ಹೇಳುವಾಗ ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕೇಳಿಸಿಕೊಳ್ಳುತ್ತಿದ್ದಳೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಯುವಕ ಹಿಂದಿನ ಕೋಣೆಗೆ ಹೋದ. ಮೂಲೆಗೆ ಬಿದ್ದ ಹಳೆಯ ಯಂತ್ರಗಳನ್ನು ಒಂದೊಂದಾಗಿ ಬಿಚ್ಚುವ ಸದ್ದು ಬಹಳ ಹೊತ್ತು ಕೇಳಿತು. ಮಧ್ಯಾಹ್ನದ ಮೇಲೆ, ಮೈಯೆಲ್ಲ ಧೂಳು ಮಾಡಿಕೊಂಡು, ದೀಪ ಒಡೆದ ಒಂದು ಯಂತ್ರದಿಂದ ತೆಗೆದ ಅದೇ ಮಾದರಿಯ ಚಿಪ್ ಹಿಡಿದು ಬಂದ. ಈಗಲೇ ಹಾಕಿ ಕೊಡುತ್ತೇನೆ ಅವ್ವಾರ ಎಂದ.

"ನೀ ಹಾಕಬ್ಯಾಡ. ಕಾಗದದಾಗ ಕಟ್ಟಿ ಕೊಡು" ಅಂದಳು ಚಿಗವ್ವ. "ಹಾಕಾವ್ರು ಮನ್ಯಾಗ ಅದಾರ."

ಮುಂದಿನದನ್ನು ನಾನು ಕಂಡಿಲ್ಲ, ಕೇಳಿದ್ದೇನೆ. ಚಿಗವ್ವ ಯಂತ್ರವನ್ನೂ ಕಾಗದದ ಪೊಟ್ಟಣವನ್ನೂ ಕಾಕಾನ ಮುಂದೆ ಇಟ್ಟು ಮುಖ ತೊಳೆಯಲು ಹೋದಳಂತೆ. ಕಾಕಾ ಪೊಟ್ಟಣ ಬಿಚ್ಚಿದ. ಬ್ಯಾಡಗಿಯಲ್ಲಿ ಇದು ಎಲ್ಲಿ ಸಿಕ್ಕಿತು ಎಂದು ಕೇಳಲಿಲ್ಲ. ಮರುದಿನ ಇಡೀ ದಿನ ಮೇಜಿನ ಮೇಲೆ ಬಗ್ಗಿ ಕುಳಿತು ಜೋಡಿಸಿದ. ಸಂಜೆ ಗೋಡೆಯ ಮೇಲೆ ಒಂದು ಚುಕ್ಕೆಯೂ ಇಲ್ಲದ ಚಿತ್ರ ಬಿತ್ತು. ಅದನ್ನು ಹತ್ತು ನಿಮಿಷ ನೋಡಿ, ಯಂತ್ರ ಆರಿಸಿ, ಸೈಕಲ್ ಹತ್ತಿ ಹೋದ. ತಿರುಗಿ ಬಂದಾಗ ಅವನ ಕಿಸೆಯಲ್ಲಿ ಅಂಗಡಿಯಿಂದ ತಂದ ಒಂದು ಉಕ್ಕಿನ ಮೊಳೆ ಇತ್ತು. ಆ ಮನೆಯಲ್ಲಿ ಮೊಳೆಯೇ ಇರಲಿಲ್ಲವಲ್ಲ! ಚಿಗವ್ವ ಬೇಡ ಎಂದಳಂತೆ. ಗೋಡೆ ಕೆಡುತ್ತದೆ, ಫೋಟೋ ಟ್ರಂಕಿನಲ್ಲಿ ಹಾಯಾಗಿದೆ ಎಂದಳಂತೆ. ಯಾರ ಮಾತನ್ನೂ ಕೇಳದ ಕಾಕಾ ಅವಳ ಮಾತನ್ನೂ ಕೇಳಲಿಲ್ಲ. ಸ್ಟೂಲು ಹತ್ತಿ, ಅಳತೆ ಪಟ್ಟಿ ಹಿಡಿದು, ಗೋಡೆಯ ನಟ್ಟನಡುವೆ ಗುರುತು ಮಾಡಿ ಮೊಳೆ ಹೊಡೆದ.

ಮುಂದಿನ ಭಾನುವಾರ ನಾನು ಹೋದೆ. ಇದು ಕಂಡದ್ದು. ಚಿಗವ್ವನ ತಾಯಿ, ಬ್ಯಾಡಗಿಯ ಅಜ್ಜಿ, ಗೋಡೆಯ ನಡುವೆ ಇದ್ದರು. ಹಣೆಯಲ್ಲಿ ದೊಡ್ಡ ಕುಂಕುಮವಿಲ್ಲ, ಕೊರಳಲ್ಲಿ ಸರವಿಲ್ಲ. ಕಾರ್ಡಿನ ಫೋಟೋಕ್ಕೆ ನಿಂತವರ ಗಾಬರಿ ಮಾತ್ರ ಇತ್ತು. ಸಂಜೆ ಕ್ರಿಕೆಟ್ ಇತ್ತು. ಕಾಕಾ ಯಂತ್ರ ಹಚ್ಚಿದ. ಅಜ್ಜಿಯ ಮುಖದ ಮೇಲೆ ಆಟಗಾರರು ಓಡಾಡುತ್ತಾರೆ, ಕಟ್ಟಿನ ಗಾಜು ಬೆಳಕನ್ನು ನಮ್ಮ ಕಣ್ಣಿಗೇ ತಿರುಗಿ ಹೊಡೆಯುತ್ತದೆ ಎಂದು ನಾನು ಎಣಿಸಿದ್ದೆ. ಹಾಗಾಗಲಿಲ್ಲ. ಗೋಡೆ ತುಂಬ ಮೈದಾನ ಹರಡಿತು. ಫೋಟೋ ಇದ್ದ ಜಾಗದಲ್ಲಿ, ಕಟ್ಟಿನ ಅಂಚಿಗೆ ಸರಿಯಾಗಿ, ಬೆಳಕೇ ಬೀಳಲಿಲ್ಲ. ಅಜ್ಜಿಯ ಮುಖ ಪಡಸಾಲೆಯ ಬಲ್ಬಿನ ಮಂದ ಬೆಳಕಿನಲ್ಲಿ ಇದ್ದ ಹಾಗೆಯೇ ಇತ್ತು. ಕಾಕಾ ಯಂತ್ರಕ್ಕೆ ಜೋಡಿಸಿದ್ದ ಲ್ಯಾಪ್‌ಟಾಪಿನಲ್ಲಿ ಅಷ್ಟಗಲದ ಒಂದು ಕಪ್ಪು ಚೌಕ ಮಾಡಿ, ಯಾವ ಚಿತ್ರ ಓಡಿದರೂ ಅದು ಆ ಜಾಗದ ಮೇಲೆ ಕೂರುವಂತೆ ಇಟ್ಟಿದ್ದ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ಹೊಂದಿಸಲು ಅವನಿಗೆ ಎರಡು ದಿನ ಹಿಡಿಯಿತೆಂದು ಚಿಗವ್ವ ಹೇಳಿದಳು.

ಚಿತ್ರದ ನಡುವೆಯೇ ತೂತು ಬಿತ್ತಲ್ಲ ಕಾಕಾ, ಅಲ್ಲಿ ಬೀಳುವ ವಿಕೆಟ್ ಹೇಗೆ ಕಾಣಬೇಕು ಎಂದು ಕೇಳಿದೆ.

ಕಾಕಾ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. "ಅಷ್ಟು ಕನ್ನಡಿಗೆ ಹೇಳೇನಿ" ಅಂದ. "ಹಿರಿಯರು ಕುಂತಾರ, ಆ ಕಡೆ ಮಾರಿ ಮಾಡ್ರಿ ಅಂತ."

ಚಿಗವ್ವ ನೆಲದ ಮೇಲೆ, ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಬೌಂಡರಿಗೆ ಹೊರಟ ಚೆಂಡು ಅವಳ ತಾಯಿಯ ಎಡಕ್ಕೆ ಬಂದು ಮರೆಯಾಯಿತು. ಅದು ಬಲಕ್ಕೆ ಹೊರಬರುವವರೆಗೆ ಪಡಸಾಲೆಯಲ್ಲಿದ್ದ ನಾವೆಲ್ಲ ಅಜ್ಜಿಯ ಮುಖವನ್ನೇ ನೋಡುತ್ತಿದ್ದೆವು.